ನೆರೆಮನೆಗೊಂದು ಹಣ್ಣಿನ ಕೇಕು

ಪ್ರೀತಿಯಿಂದ ಕೊಟ್ಟದ್ದನ್ನು ಪ್ರೀತಿಯಿಂದಲೇ ತೆಗೆದುಕೊಂಡು, ಆಮೇಲೆ ತಿನ್ನಲಾರದೆ ಒದ್ದಾಡುವ ಪ್ರಸಂಗ ಮಧ್ಯಮ ವರ್ಗದ ಮನೆಗಳಿಗೆ ಹೊಸತಲ್ಲ. ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಅದು ಹೆಚ್ಚು. ಕ್ರಿಸ್ಮಸ್ ಹಬ್ಬದ ದಿನ ನೆರೆಮನೆಯಿಂದ ತಟ್ಟೆಯೊಂದು ಬರುತ್ತದೆ. ಮೇಲೆ ಕಸೂತಿಯ ವಸ್ತ್ರ, ಒಳಗೆ ಕಂದು ಬಣ್ಣದ ಕೇಕಿನ ಹೋಳುಗಳು. “ಯಾಕೆ ಇಷ್ಟೊಂದು ಶ್ರಮ ತೆಗೆದುಕೊಂಡಿರಿ?” ಎಂಬ ಉಪಚಾರದ ಮಾತಾಗುತ್ತದೆ, ಮಕ್ಕಳ ಯೋಗಕ್ಷೇಮದ ವಿಚಾರಣೆಯಾಗುತ್ತದೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ಇನ್ನೊಂದು ವಿಚಾರಣೆ ಆರಂಭ. ಇದಕ್ಕೆ ಮೊಟ್ಟೆ ಹಾಕಿರುತ್ತಾರೆಯೆ? ಹಣ್ಣನ್ನು ಬ್ರಾಂದಿಯಲ್ಲಿ ನೆನೆಸಿರಬಹುದೆ? ಅಜ್ಜಿಗೆ ಕೊಡಬಹುದೆ? ಕೇಳಿ ಬರೋಣವೆಂದರೆ ಸಂಕೋಚ. ಕೇಳದೆ ತಿನ್ನೋಣವೆಂದರೆ ಆಚಾರ ಅಡ್ಡ. ಕಡೆಗೆ ಆ ಕೇಕು ಯಾರಿಗೂ ಹೇಳದಂತೆ ಬೇರೆಯವರ ಪಾಲಾಗುತ್ತದೆ. ಕೊಟ್ಟವರಿಗೆ ಈ ಸಂಗತಿ ತಿಳಿಯುವುದಿಲ್ಲ. ತಿಳಿದರೆ ಆಗುವ ನೋವು ಸಣ್ಣದಲ್ಲ. ಒಲೆಯ ಮುಂದೆ ಅರ್ಧ ದಿನ ನಿಂತ ಕೈಗಳ ಕೆಲಸ ಅದು.

ಅಂಗಡಿಯ ಪೊಟ್ಟಣಕ್ಕೆ ಕಾನೂನಿನ ಪ್ರಕಾರ ಹಸಿರು ಚುಕ್ಕಿಯ ಗುರುತುಂಟು. ಮನೆಯ ಕೇಕಿಗೆ ಅಂಥ ಗುರುತಿಲ್ಲ. ಆದ್ದರಿಂದ ಉಡುಗೊರೆಗೆಂದು ಕೇಕು ಮಾಡಹೊರಟವರು ಒಲೆ ಹೊತ್ತಿಸುವ ಮೊದಲೇ ಅದನ್ನು ತಿನ್ನುವವರು ಯಾರೆಂದು ಯೋಚಿಸಬೇಕಾಗುತ್ತದೆ. ಉಡುಗೊರೆಯ ತಿಂಡಿ ಕೊಟ್ಟ ಕ್ಷಣಕ್ಕೆ ಸಾರ್ಥಕವಾಗುವುದಿಲ್ಲ; ಪಡೆದ ಮನೆಯಲ್ಲಿ ಎಲ್ಲರೂ ಕುಳಿತು ತಿಂದಾಗ ಸಾರ್ಥಕವಾಗುತ್ತದೆ. ಮೊಟ್ಟೆಯೂ ಮದ್ಯವೂ ಇಲ್ಲದೆ, ವಿದ್ಯುತ್ ಒಲೆಯ ಹಂಗೂ ಇಲ್ಲದೆ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಪೇಟೆಯಲ್ಲಿ ದೊರೆಯುವ ಸಾಮಾನುಗಳಿಂದಲೇ ಅಂಥ ಕೇಕನ್ನು ಮಾಡಬಹುದು.

ಎಳ್ಳಿನ ದಾರಿ

ಹಣ್ಣು–ಬೀಜಗಳನ್ನು ಮನೆಯಲ್ಲಿ ಸಿದ್ಧಪಡಿಸಿ ನೆರೆಹೊರೆಗೆ ಹಂಚುವ ಪದ್ಧತಿಯನ್ನು ಈ ಸೀಮೆಯವರು ಪರದೇಶದಿಂದ ಕಲಿಯಬೇಕಾಗಿರಲಿಲ್ಲ. ಕ್ರಿಸ್ಮಸ್ ಕಳೆದು ಮೂರು ವಾರಕ್ಕೆ ಬರುವ ಮಕರ ಸಂಕ್ರಾಂತಿಯಂದು ಹಳೆಯ ಮೈಸೂರು ಸೀಮೆಯ ಹೆಣ್ಣುಮಕ್ಕಳು ಹೊಸ ಬಟ್ಟೆ ಉಟ್ಟು, ತಟ್ಟೆ ಹಿಡಿದು ಮನೆ ಮನೆಗೆ ಹೋಗುತ್ತಾರೆ. ತಟ್ಟೆಯಲ್ಲಿ ಎಳ್ಳು, ಸಣ್ಣಗೆ ಹೆಚ್ಚಿದ ಬೆಲ್ಲ ಮತ್ತು ಕೊಬ್ಬರಿ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ಹುರಿಗಡಲೆ. ಜೊತೆಗೆ ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು. ಇದಕ್ಕೆ ‘ಎಳ್ಳು ಬೀರುವುದು’ ಎಂದು ಹೆಸರು. ಬೀರುವುದೆಂದರೆ ಹಂಚುವುದು, ಹರಡುವುದು. ಬೆಳಕನ್ನು ಬೀರುತ್ತಾರೆ, ನಗೆಯನ್ನು ಬೀರುತ್ತಾರೆ. ಅದೇ ಕ್ರಿಯಾಪದವನ್ನು ಎಳ್ಳಿಗೂ ಹಚ್ಚಿದ ಜನ ಹಂಚಿಕೆಯ ಮರ್ಮವನ್ನು ತಿಳಿದವರು.

ಎಳ್ಳು–ಬೆಲ್ಲ ಯಾರ ಹೊಸ್ತಿಲನ್ನು ಬೇಕಾದರೂ ದಾಟಬಲ್ಲುದು. ಅನ್ನ ಸಾರುಗಳಿಗೆ ಇರುವ ಮುಸುರೆಯ ಕಟ್ಟು ಅದಕ್ಕಿಲ್ಲ. ಅದರಲ್ಲಿರುವುದೆಲ್ಲ ಒಣಗಿದ ಇಲ್ಲವೆ ಹುರಿದ ಪದಾರ್ಥ. ಒಂದೊಂದೂ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುತ್ತದೆ. ‘ಇದರಲ್ಲಿ ಏನಿದೆ?’ ಎಂಬ ಪ್ರಶ್ನೆಗೆ ಎಡೆಯೇ ಇಲ್ಲ. ಕೇಕಿನ ತೊಡಕು ಇಲ್ಲಿಯೇ ಉಂಟು. ಎಲ್ಲವೂ ಹಿಟ್ಟಿನಲ್ಲಿ ಕಲೆತು ಬೆಂದು ಹೋಗಿರುವುದರಿಂದ ಒಳಗಿನ ವಿಷಯವನ್ನು ಮಾಡಿದವರೇ ಹೇಳಬೇಕು. ಎಳ್ಳಿನ ತಟ್ಟೆಯಷ್ಟು ನಿಸ್ಸಂಶಯವಾದ ಕೇಕನ್ನು ಮಾಡಬಲ್ಲವರಿಗೆ ನೆರೆಮನೆಯ ಅಜ್ಜಿಯೂ ದಕ್ಕುತ್ತಾಳೆ.

ಊರಿಗೆ ತಕ್ಕ ಕೇಕು

ಕೇಕು ಹೋದೆಡೆಯಲ್ಲೆಲ್ಲ ಆ ಊರಿನ ಪದಾರ್ಥಗಳನ್ನು ಒಪ್ಪಿಕೊಂಡೇ ನೆಲೆಸಿದೆ. ಕೇರಳದ ತಲಶ್ಶೇರಿಯಲ್ಲಿ ೧೮೮೩ರಲ್ಲಿ ಮಾಂಬಳ್ಳಿ ಬಾಪು ಎಂಬ ಬೇಕರಿಯವರು ಕ್ರಿಸ್ಮಸ್ ಕೇಕನ್ನು ಮಾಡಿದ ಕಥೆ ಪ್ರಸಿದ್ಧವಾಗಿದೆ. ಅಂಜರಕಂಡಿಯ ದಾಲ್ಚಿನ್ನಿ ತೋಟದ ಒಡೆಯನಾದ ಬ್ರೌನ್ ಎಂಬಾತ ಇಂಗ್ಲೆಂಡಿನ ಕೇಕೊಂದನ್ನು ಅವರ ಮುಂದಿಟ್ಟು, ಇಂಥದನ್ನು ಮಾಡಬಲ್ಲೆಯಾ ಎಂದು ಕೇಳಿದನಂತೆ. ಬಾಪು ಅವರು ಪರದೇಶದ ಮದ್ಯಕ್ಕೆ ಬದಲಾಗಿ ಊರಿನ ಹಣ್ಣಿನಿಂದ ಇಳಿಸಿದ ಮದ್ಯವನ್ನೂ ಕದಳಿ ಬಾಳೆಯನ್ನೂ ಬಳಸಿ ಕೇಕು ಮಾಡಿದರೆಂದೂ, ದೊರೆ ಅದನ್ನು ಮೆಚ್ಚಿದನೆಂದೂ ಆ ಕಥೆ ಹೇಳುತ್ತದೆ.

ಬೆಂಗಳೂರಿನಲ್ಲಿ ಈ ಹೊಂದಾಣಿಕೆ ಮತ್ತೊಂದು ಬಗೆಯದು. ಚಿಕ್ಕಪೇಟೆಯಲ್ಲಿ ೧೮೯೮ರಲ್ಲಿ ಆರಂಭವಾದ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ಅಯ್ಯಂಗಾರ್ ಬೇಕರಿಗಳ ಮೂಲವೆಂದು ಗಣಿಸುತ್ತಾರೆ. ಹಾಸನ ಸೀಮೆಯಿಂದ ಬಂದ ಅಯ್ಯಂಗಾರ್ ಮನೆತನಗಳು ಮುಂದೆ ಊರೂರಿಗೂ ಈ ಕಸುಬನ್ನು ಒಯ್ದವು. ಮೊಟ್ಟೆ ಮುಟ್ಟದ ಮನೆಯವರೂ ಬನ್ನು, ಖಾರದ ಬ್ರೆಡ್ಡು, ದಿಲ್‌ಪಸಂದ್‌ಗಳನ್ನು ಸಂಶಯವಿಲ್ಲದೆ ಕೊಂಡುತಂದದ್ದು ಇಂಥ ಅಂಗಡಿಗಳಿಂದಲೇ. ಕೊಳ್ಳುವವರು ಯಾರೆಂಬುದನ್ನು ಅರಿತು ಒಲೆ ಹೂಡಿದ್ದು ಅವರ ಜಾಣ್ಮೆ.

ಇನ್ನು ಕನ್ನಡ ನಾಡಿನ ಕ್ರೈಸ್ತರ ಮಾತು. ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯ ಕಣಿವೆಯಲ್ಲಿರುವ ಹಾರೋಬೆಲೆ ಕಥೋಲಿಕ ಕ್ರೈಸ್ತರ ಹಳೆಯ ನೆಲೆ. ಕನ್ನಡ ಕ್ರೈಸ್ತರ ಹಳ್ಳಿಮನೆಗಳಲ್ಲಿ ಕ್ರಿಸ್ಮಸ್ ಎಂದರೆ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿಗಳ ಹಬ್ಬವೂ ಹೌದು. ಅಕ್ಕಿ ಬೆಲ್ಲಗಳ ಕಜ್ಜಾಯವನ್ನು ನೆರೆಯವರು ದೀಪಾವಳಿಗೆ ಮಾಡಿದರೆ ಇವರು ಕ್ರಿಸ್ತ ಜಯಂತಿಗೆ ಮಾಡುತ್ತಾರೆ. ಬಾಣಲೆ ಒಂದೇ, ಪಾಕವೂ ಒಂದೇ. ಬೆಲ್ಲ ರಾಗಿಗಳನ್ನು ಕೇಕಿಗೆ ಹಾಕಿದರೆ ಹಬ್ಬಕ್ಕೆ ಕುಂದಾಗುವುದೆಂದು ಅಳುಕಬೇಕಾದ ಕಾರಣವಿಲ್ಲ.

ನಾಲ್ಕು ತಾಲ್ಲೂಕಿನ ಬುಟ್ಟಿ

೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಒಂದು ಜಿಲ್ಲೆಯಾದ ಈ ನಾಲ್ಕು ತಾಲ್ಲೂಕುಗಳಲ್ಲಿ ಕೇಕಿಗೆ ಬೇಕಾದ ಬಹುಪಾಲು ಸಾಮಾನು ಹತ್ತಿರದಲ್ಲೇ ಉಂಟು. ಕನಕಪುರ, ಮಾಗಡಿಗಳ ಹೊಲಗಳಲ್ಲಿ ಕ್ರಿಸ್ಮಸ್ ಹೊತ್ತಿಗೆ ರಾಗಿಯ ಕೊಯ್ಲು ಮುಗಿಯುತ್ತ ಬಂದಿರುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಸೇರುವ ಕಡಲೆಕಾಯಿ ಪರಿಷೆಗೆ ಈ ಕಡೆಯ ಕಡಲೆಕಾಯಿಯೂ ಹೋಗುತ್ತದೆ. ಚನ್ನಪಟ್ಟಣದ ತೆಂಗಿನ ತೋಟಗಳಿಂದ ಕೊಬ್ಬರಿ ಬರುತ್ತದೆ. ರಾಮನಗರದ ಕಡೆಯ ಮಾವು ಶ್ರೀನಿವಾಸಪುರದ ಮಾವಿಗಿಂತ ಮೊದಲೇ ಪೇಟೆಗೆ ಬರುತ್ತದೆ. ಬೇಸಿಗೆಯ ಈ ಹಣ್ಣನ್ನು ಡಿಸೆಂಬರಿಗೆ ಉಳಿಸುವ ಉಪಾಯವೂ ಉಂಟು. ಬಾದಾಮಿ ಮಾವಿನ ರಸವನ್ನು ತುಪ್ಪ ಸವರಿದ ತಟ್ಟೆಯ ಮೇಲೆ ತೆಳ್ಳಗೆ ಹರಡಿ, ಬಿಸಿಲಿನಲ್ಲಿ ಪದರ ಪದರವಾಗಿ ಒಣಗಿಸಿದರೆ ಕರಾವಳಿಯವರು ಮಾಂಬಳವೆನ್ನುವ ಹಾಳೆ ಸಿದ್ಧವಾಗುತ್ತದೆ. ಕತ್ತರಿಸಿದ ಅದರ ಚೂರುಗಳು ಕೇಕಿನಲ್ಲಿ ಒಣದ್ರಾಕ್ಷಿಗಿಂತ ಹೆಚ್ಚು ಹುಳಿ–ಸಿಹಿಯಾಗಿರುತ್ತವೆ.

ಹಣ್ಣಿನ ಕೇಕಿನಲ್ಲಿ ಮಕ್ಕಳು ಹುಡುಕಿ ಹುಡುಕಿ ತಿನ್ನುವ ಕೆಂಪು, ಹಳದಿ ಚೂರುಗಳೆಂದರೆ ಟೂಟಿ ಫ್ರೂಟಿ. ಅವು ಹಿತ್ತಿಲ ಪರಂಗಿ ಕಾಯಿಯಿಂದಲೇ ಆಗುತ್ತವೆ. ಪರಂಗಿ ಎಂಬ ಹೆಸರೇ ಫರಂಗಿಯವರನ್ನು ನೆನಪಿಸುತ್ತದೆ. ಪರಂಗಿ, ಗೋಡಂಬಿ, ಕಡಲೆಕಾಯಿ — ಈ ಮೂರೂ ಅಮೆರಿಕ ಖಂಡದ ಸಸ್ಯಗಳು. ಹಡಗಿನ ವ್ಯಾಪಾರ ಬೆಳೆದ ಕಾಲದಲ್ಲಿ ಈ ದೇಶಕ್ಕೆ ಬಂದವು. ಸಂಕ್ರಾಂತಿಯ ಎಳ್ಳಿನಲ್ಲಿ ಕುಳಿತಿರುವ ಕಡಲೆಕಾಯಿ ಬೀಜವನ್ನು ಇಂದು ಯಾರೂ ಪರದೇಶಿಯೆಂದು ಎತ್ತಿಡುವುದಿಲ್ಲ. ಕೆಲವು ತಲೆಮಾರು ಜೊತೆಯಲ್ಲಿ ಉಂಡರೆ ಸಾಕು, ಪದಾರ್ಥ ಮನೆಯದಾಗುತ್ತದೆ.

ಪರಂಗಿಯ ಟೂಟಿ ಫ್ರೂಟಿ

ಬಲಿತ, ಆದರೆ ಬಣ್ಣ ತಿರುಗದ ಪರಂಗಿ ಕಾಯಿಯನ್ನು ಆರಿಸಬೇಕು. ಸಿಪ್ಪೆ, ಬೀಜ, ಒಳಗಿನ ಬಿಳಿಯ ಪೊರೆಗಳನ್ನು ತೆಗೆದು, ಕಡಲೆ ಕಾಳಿನ ಗಾತ್ರಕ್ಕೆ ಹೆಚ್ಚಿದ ಚೂರು ೫೦೦ ಗ್ರಾಂ ಇರಲಿ. ಕಾಯಿಯ ಹಾಲು ಕೈಗೆ ತುರಿಕೆ ತರುವುದರಿಂದ ಎಣ್ಣೆ ಸವರಿಕೊಳ್ಳುವುದು ಒಳ್ಳೆಯದು. ಕುದಿಯುವ ನೀರಿನಲ್ಲಿ ಚೂರುಗಳನ್ನು ಐದು ನಿಮಿಷ ಬೇಯಿಸಿ ಬಸಿಯಬೇಕು. ೩೦೦ ಗ್ರಾಂ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕರಗಿಸಿ, ಬಸಿದ ಚೂರುಗಳನ್ನು ಅದರಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಮೆಲ್ಲಗೆ ಗಾಜಿನಂತೆ ತಿಳಿಯಾಗುತ್ತವೆ. ಪಾಕ ಒಂದೆಳೆ ಬಂದಾಗ ಇಳಿಸಬೇಕು. ಎರಡು ಬಟ್ಟಲಿಗೆ ಹಂಚಿ, ಒಂದಕ್ಕೆ ಬೀಟ್‌ರೂಟಿನ ರಸ, ಇನ್ನೊಂದಕ್ಕೆ ಚಿಟಿಕೆ ಅರಿಸಿನ ಬೆರೆಸಿ ಒಂದು ದಿನ ಬಿಡಬೇಕು. ಮರುದಿನ ಪಾಕವನ್ನು ಬಸಿದು, ಚೂರುಗಳನ್ನು ತಟ್ಟೆಯಲ್ಲಿ ಹರಡಿ ನೆರಳಿನಲ್ಲಿ ಒಂದೆರಡು ದಿನ ಆರಿಸಿದರೆ ಸಾಕು.

ಕಾಯಿಯೊಳಗಿನ ನೀರು ಹೊರಬಂದು ಅದರ ಎಡೆಯನ್ನು ಸಕ್ಕರೆ ಹಿಡಿಯುವುದೇ ಇಲ್ಲಿ ನಡೆಯುವ ಕೆಲಸ. ನೀರು ಕಡಿಮೆಯಾದಲ್ಲಿ ಬೂಷ್ಟು ಬೆಳೆಯಲಾರದು. ಆದ್ದರಿಂದಲೇ ಚೂರು ಬಹುಕಾಲ ಕೆಡುವುದಿಲ್ಲ. ಒಂದು ಎಚ್ಚರ ಬೇಕು. ಬಸುರಿಯರಿಗೆ ಪರಂಗಿ ಕೊಡಬಾರದೆಂಬ ನಂಬಿಕೆ ಮನೆಗಳಲ್ಲಿ ಬಲವಾಗಿದೆ. ಅಂಥವರಿರುವ ಮನೆಗೆ ಹೋಗುವ ಕೇಕಿಗೆ ಟೂಟಿ ಫ್ರೂಟಿಯ ಬದಲು ದ್ರಾಕ್ಷಿ, ಖರ್ಜೂರಗಳನ್ನೇ ಹೆಚ್ಚಿಸುವುದು ಮರ್ಯಾದೆ.

ಕೇಕಿನ ಪಾಕ

ಒಂದು ಕೇಕಿಗೆ ಬೇಕಾಗುವ ಸಾಮಾನು ಇಷ್ಟು: ಮೈದಾ ಹಿಟ್ಟು ೧೫೦ ಗ್ರಾಂ, ಜರಡಿ ಹಿಡಿದ ರಾಗಿ ಹಿಟ್ಟು ೫೦ ಗ್ರಾಂ, ಬೆಲ್ಲ ೧೨೫ ಗ್ರಾಂ, ಸಕ್ಕರೆ ೫೦ ಗ್ರಾಂ, ಬೆಣ್ಣೆ ೧೦೦ ಗ್ರಾಂ, ಹುಳಿಯಿಲ್ಲದ ಗಟ್ಟಿ ಮೊಸರು ೧೨೫ ಗ್ರಾಂ, ಒಣದ್ರಾಕ್ಷಿ, ಟೂಟಿ ಫ್ರೂಟಿ, ಹೆಚ್ಚಿದ ಖರ್ಜೂರ ಒಟ್ಟು ೨೦೦ ಗ್ರಾಂ, ಗೋಡಂಬಿ ಮತ್ತು ಹುರಿದ ಕಡಲೆಕಾಯಿ ಬೀಜ ಒಟ್ಟು ೭೫ ಗ್ರಾಂ, ಕೊಬ್ಬರಿ ತುರಿ ಎರಡು ದೊಡ್ಡ ಚಮಚ, ಎರಡು ಕಿತ್ತಳೆಯ ರಸ, ಬೇಕಿಂಗ್ ಪುಡಿ ಒಂದು ಚಿಕ್ಕ ಚಮಚ, ಅಡಿಗೆ ಸೋಡಾ ಅರ್ಧ ಚಿಕ್ಕ ಚಮಚ, ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿಗಳ ಪುಡಿ ಸೇರಿ ಒಂದು ಚಿಕ್ಕ ಚಮಚ, ಚಿಟಿಕೆ ಉಪ್ಪು.

ಹಿಂದಿನ ರಾತ್ರಿಯೇ ಹಣ್ಣುಗಳನ್ನು ಕಿತ್ತಳೆ ರಸದಲ್ಲಿ ನೆನೆಯಿಟ್ಟು ಶೀತಪೆಟ್ಟಿಗೆಯಲ್ಲಿ ಇಡಬೇಕು. ಪಶ್ಚಿಮದವರು ಇದಕ್ಕೆ ಬ್ರಾಂದಿ ಅಥವಾ ರಮ್ ಬಳಸುತ್ತಾರೆ. ನೆನೆಸುವುದರ ಉದ್ದೇಶ ಒಣಹಣ್ಣು ರಸ ಹೀರಿ ಮೆತ್ತಗಾಗಬೇಕೆಂಬುದು; ನೆನೆಯದ ಹಣ್ಣು ಕೇಕಿನೊಳಗಿನ ತೇವವನ್ನೇ ಎಳೆದುಕೊಂಡು ಅದನ್ನು ಪುಡಿಪುಡಿ ಮಾಡುತ್ತದೆ. ಆ ಕೆಲಸಕ್ಕೆ ಕಿತ್ತಳೆ ರಸ ಧಾರಾಳವಾಗಿ ಸಾಕು. ಮದ್ಯ ಹಾಕಿದ ಕೇಕು ತಿಂಗಳುಗಟ್ಟಲೆ ಕೆಡದಿರುವುದು ನಿಜ. ಆದರೆ ಎರಡು ದಿನದಲ್ಲಿ ತಿಂದು ಮುಗಿಸುವ ಉಡುಗೊರೆಗೆ ಅಷ್ಟು ಆಯುಸ್ಸು ಬೇಕಾಗಿಲ್ಲ.

ಮಾಡುವ ದಿನ ಮೊದಲು ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಒಣದಾಗಿಯೇ ಕರಗಿಸಿ, ಗಾಢವಾದ ಜೇನಿನ ಬಣ್ಣ ಬಂದೊಡನೆ ಉರಿ ಆರಿಸಬೇಕು. ಇನ್ನೂ ಒಂದು ನಿಮಿಷ ಬಿಟ್ಟರೆ ಕಹಿಯಾಗುತ್ತದೆ. ಕಾಲು ಲೋಟ ಬಿಸಿನೀರನ್ನು ದೂರದಿಂದ ಮೆಲ್ಲನೆ ಹಾಕಬೇಕು. ಪಾಕ ಸಿಡಿಯುವುದರಿಂದ ಮಕ್ಕಳನ್ನು ಹತ್ತಿರ ಬಿಡಲಾಗದು. ಅದರಲ್ಲೇ ಬೆಲ್ಲವನ್ನು ಕರಗಿಸಿ, ಕಸ ಸೋಸಿ, ಬೆಣ್ಣೆ ಸೇರಿಸಿ ಪೂರ್ತಿ ಆರಲು ಬಿಡಬೇಕು. ಅಂಗಡಿಯ ಕೇಕಿಗಿರುವ ಕಂದು ಬಣ್ಣವೂ ತುಸುವೇ ಒಗರೊಗರಾದ ಪರಿಮಳವೂ ಈ ಸುಟ್ಟ ಸಕ್ಕರೆಯಿಂದ ಬರುತ್ತವೆ.

ಹಿಟ್ಟುಗಳು, ಸೋಡಾ, ಬೇಕಿಂಗ್ ಪುಡಿ, ಮಸಾಲೆ, ಉಪ್ಪುಗಳನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿಯಬೇಕು. ರಾಗಿಯಲ್ಲಿ ಮೈದಾದ ಜಿಗುಟು ಇಲ್ಲ; ಆದ್ದರಿಂದ ಅದು ಒಟ್ಟು ಹಿಟ್ಟಿನ ಕಾಲು ಭಾಗವನ್ನು ಮೀರಬಾರದು. ಬೀಜಗಳನ್ನೂ ಬಸಿದ ಹಣ್ಣುಗಳನ್ನೂ ಒಂದು ಚಮಚ ಹಿಟ್ಟಿನಲ್ಲಿ ಹೊರಳಿಸಿದರೆ ಅವು ತಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಆರಿದ ಪಾಕಕ್ಕೆ ಮೊಸರನ್ನೂ, ಹಣ್ಣು ಬಸಿದ ಮೇಲೆ ಉಳಿದ ಕಿತ್ತಳೆ ರಸವನ್ನೂ ಬೆರೆಸಿ, ಹಿಟ್ಟನ್ನು ಮೂರು ಕಂತಿನಲ್ಲಿ ಸೇರಿಸಬೇಕು. ಇಡ್ಲಿಯ ಹಿಟ್ಟಿಗಿಂತ ತುಸು ಗಟ್ಟಿಯಾಗಿರಬೇಕು. ಬಿಗಿಯೆನಿಸಿದರೆ ಎರಡು ಚಮಚ ಹಾಲು ಹಾಕಬಹುದು. ಕೊನೆಗೆ ಹಣ್ಣು, ಬೀಜ, ಕೊಬ್ಬರಿ. ಹೆಚ್ಚು ಹೊತ್ತು ತಿರುವಿದರೆ ಕೇಕು ಬಿರುಸಾಗುತ್ತದೆ.

ಮೊಟ್ಟೆ ಕೇಕಿನಲ್ಲಿ ಎರಡು ಕೆಲಸ ಮಾಡುತ್ತದೆ: ಗಾಳಿಯನ್ನು ಹಿಡಿದಿಡುವುದು, ಬೆಂದು ಗಟ್ಟಿಯಾಗಿ ಆಕಾರ ಕೊಡುವುದು. ಇಲ್ಲಿ ಮೊಸರಿನ ಹುಳಿ ಸೋಡಾದೊಡನೆ ಸೇರಿ ಅನಿಲವನ್ನು ಹುಟ್ಟಿಸುತ್ತದೆ. ಮೈದಾದ ಜಿಗುಟು ಆಕಾರವನ್ನು ಹಿಡಿಯುತ್ತದೆ. ಅನಿಲ ಹುಟ್ಟುವುದು ಕಲಸಿದ ಕ್ಷಣದಿಂದಲೇ. ಆದಕಾರಣ ಕಲಸಿಟ್ಟು ಮಾತಿಗೆ ಕುಳಿತುಕೊಳ್ಳುವ ಹಾಗಿಲ್ಲ.

ಒಲೆಯ ವಿಷಯದಲ್ಲಿ ಹಳೆಯ ದಪ್ಪ ಪಾತ್ರೆಯೇ ಸಾಕು. ಅಡಿಗೆಗೆ ಬಳಸದೆ ಮೂಲೆ ಸೇರಿದ ಹಳೆಯ ಕುಕ್ಕರ್ ಇದ್ದರೆ ಅದೂ ಆಗುತ್ತದೆ. ಅದರ ರಬ್ಬರಿನ ಗ್ಯಾಸ್ಕೆಟ್ಟನ್ನೂ ಮೇಲಿನ ವಿಷಲನ್ನೂ ತಪ್ಪದೆ ತೆಗೆದಿಡಬೇಕು, ನೀರು ಹಾಕಬಾರದು. ದಿನನಿತ್ಯದ ಕುಕ್ಕರನ್ನು ಹೀಗೆ ಒಣದಾಗಿ ಕಾಯಿಸಿದರೆ ಹಾಳಾಗುತ್ತದೆ. ತಳದಲ್ಲಿ ಎರಡು ಲೋಟ ಪುಡಿ ಉಪ್ಪನ್ನು ಹರಡಿ, ಮೇಲೊಂದು ಸ್ಟ್ಯಾಂಡು ಇಟ್ಟು, ಮುಚ್ಚಿ, ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಬೇಕು. ಬೆಣ್ಣೆ ಸವರಿ ಕಾಗದ ಹಾಸಿದ ಏಳು ಅಂಗುಲದ ಅಲ್ಯೂಮಿನಿಯಂ ಪಾತ್ರೆಗೆ ಹಿಟ್ಟನ್ನು ಮುಕ್ಕಾಲು ಮೀರದಂತೆ ತುಂಬಿ, ಒಳಗಿಟ್ಟು, ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಬೇಕು. ಮೊದಲ ನಲವತ್ತು ನಿಮಿಷ ಮುಚ್ಚಳ ತೆಗೆಯಬಾರದು. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆಯೆಂದು ಅರ್ಥ. ಪೂರ್ತಿ ಆರಿದ ಮೇಲೆ ಒಂದು ದಿನ ಮುಚ್ಚಿಟ್ಟು ಕತ್ತರಿಸಿದರೆ ಹೋಳು ಒಡೆಯುವುದಿಲ್ಲ. ಮಸಾಲೆಯ ಪರಿಮಳವೂ ಅಷ್ಟರಲ್ಲಿ ಒಳಗೆಲ್ಲ ಹರಡಿರುತ್ತದೆ. ಹೊರಗೆ ಮೂರು ದಿನ, ಶೀತಪೆಟ್ಟಿಗೆಯಲ್ಲಿ ಒಂದು ವಾರ ಈ ಕೇಕನ್ನು ಇಡಬಹುದು.

ಚೀಟಿ ಮತ್ತು ಡಬ್ಬಿ

ಕೇಕು ಎಷ್ಟೇ ರುಚಿಯಾಗಿರಲಿ, ಚೀಟಿಯೊಂದು ಜೊತೆಯಲ್ಲಿ ಇಲ್ಲದಿದ್ದರೆ ಮೊದಲಿನ ತೊಂದರೆ ಮೊದಲಿನಂತೆಯೇ ಉಳಿಯುತ್ತದೆ. ಅಂಗೈಯಷ್ಟು ಕಾಗದದಲ್ಲಿ, ಸ್ಪಷ್ಟವಾದ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ಆಯಿತು: ‘ಮೊಟ್ಟೆ ಹಾಕಿಲ್ಲ, ಮದ್ಯ ಹಾಕಿಲ್ಲ. ಮೈದಾ, ರಾಗಿ, ಬೆಲ್ಲ, ಸಕ್ಕರೆ, ಬೆಣ್ಣೆ, ಮೊಸರು, ಕಿತ್ತಳೆ, ದ್ರಾಕ್ಷಿ, ಖರ್ಜೂರ, ಪರಂಗಿ, ಕೊಬ್ಬರಿ ಇವೆ. ಗೋಡಂಬಿ, ಕಡಲೆಕಾಯಿ ಇವೆ. ಇಂಥ ದಿನ ಮಾಡಿದ್ದು.’ ಕಡಲೆಕಾಯಿ ಒಗ್ಗದವರಿಗೆ ಅದೊಂದು ಚೂರೂ ಅಪಾಯ ತರಬಹುದು. ಸಕ್ಕರೆ ಕಾಯಿಲೆಯವರು ತಮ್ಮ ಮಿತಿ ತಿಳಿಯಬೇಕು. ಪಡೆದವರು ಕೇಳಲು ನಾಚುವ ಪ್ರಶ್ನೆಗಳಿಗೆಲ್ಲ ಕೊಟ್ಟವರೇ ಮೊದಲಾಗಿ ಉತ್ತರ ಹೇಳುವುದು ಸೌಜನ್ಯದ ಲಕ್ಷಣ.

ಇಷ್ಟಾದರೂ ಬೇರೆ ಮನೆಯ ಒಲೆಯಲ್ಲಿ ಬೆಂದದ್ದನ್ನು ಮುಟ್ಟದ ಹಿರಿಯರು ಕೆಲವರು ಇದ್ದೇ ಇರುತ್ತಾರೆ. ಅವರ ನಿಯಮವನ್ನು ಮುರಿಯಲೆತ್ನಿಸುವುದು ಉಡುಗೊರೆಯ ಕೆಲಸವಲ್ಲ. ಅಂಥ ಮನೆಗೆ ಅದೇ ದ್ರಾಕ್ಷಿ, ಗೋಡಂಬಿ, ಖರ್ಜೂರಗಳನ್ನು ಬೇಯಿಸದೆ ಡಬ್ಬಿಯಲ್ಲಿ ತುಂಬಿ ಕೊಡಬಹುದು. ಅದಕ್ಕೆ ಚನ್ನಪಟ್ಟಣದ ಮರದ ಡಬ್ಬಿಗಿಂತ ಚೆಲುವಾದದ್ದು ಬೇರೆ ಬೇಕಿಲ್ಲ. ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿದರೆ ಆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಈ ಕಸುಬಿನವರು ಬೊಂಬೆಗಳ ಜೊತೆಗೆ ಕುಂಕುಮದ ಭರಣಿ, ಡಬ್ಬಿಗಳನ್ನೂ ಮಾಡುತ್ತಾರೆ. ಬೆಣ್ಣೆಯುಳ್ಳ ಕೇಕನ್ನಾಗಲಿ ಅಂಟಂಟಾದ ಹಣ್ಣನ್ನಾಗಲಿ ಮರದಲ್ಲಿ ನೇರವಾಗಿ ಇಡದೆ ಎಣ್ಣೆಗಾಗದದಲ್ಲಿ ಸುತ್ತಿ ಇಡುವುದು ಕ್ಷೇಮ.

ಡಬ್ಬಿಯಲ್ಲಿ ಕೊಡುವುದರಿಂದ ಇನ್ನೊಂದು ಲಾಭವೂ ಉಂಟು. ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಕನ್ನಡದ ಮನೆಗಳಲ್ಲಿ ನಡೆದು ಬಂದ ರೀತಿ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಕ್ರಿಸ್ಮಸ್ಸಿನಲ್ಲಿ ಕೇಕು ಹೊತ್ತು ಹೋದ ಡಬ್ಬಿಗೆ ಹಿಂದಿರುಗಲು ಮೂರು ವಾರದ ಅವಕಾಶವಿರುತ್ತದೆ. ಅಷ್ಟರಲ್ಲಿ ಸಂಕ್ರಾಂತಿ ಬಂದಿರುತ್ತದೆ. ಎದುರು ಮನೆಯಲ್ಲಿ ಕೊಬ್ಬರಿ ಹೆಚ್ಚುತ್ತಿರುತ್ತಾರೆ.